ನಾಲ್ಕು ಜಿಬಿ ಮೀರಿದ ಇಸೋಣ

ನನ್ನ ನಾದಿನಿಯ ಮಗಳ ಮದುವೆಯಲ್ಲಿ, ಹೆಣ್ಣು ಮಂಟಪಕ್ಕೆ ಬರುವ ಹೊತ್ತಿಗೆ, ಸೋದರಮಾವ ಎಲ್ಲಿದ್ದ? ಈ ಒಂದು ಪ್ರಶ್ನೆಗೆ ಉತ್ತರ ಸಿಗಲು ನಮಗೆ ಒಂದು ಮಳೆಗಾಲ, ಎರಡು ಪೆನ್‌ಡ್ರೈವ್ ಮತ್ತು ಒಂದು ಇಡೀ ಇಸೋಣ ಬೇಕಾಯಿತು. ಸೋದರಮಾವ ಎಂದರೆ ಬೇರೆ ಯಾರೂ ಅಲ್ಲ, ನನ್ನ ಗಂಡ. ಇಸೋಣ ಎಂದರೆ ಮಂಗಳೂರಿನವರು ಅಂಜಲ್ ಎನ್ನುವ ಮೀನು. ಹೋಟೆಲಿನವರು ಅದಕ್ಕೇ ಸುರಮಾಯಿ ಎಂದು ಬರೆದು, ಒಂದು ತುಂಡಿಗೆ ಇಡೀ ಮೀನಿನ ದರ ಹಾಕುತ್ತಾರೆ. ಪೆನ್‌ಡ್ರೈವ್ ಎಂದರೆ ಏನೆಂದು ನನ್ನ ಗಂಡನಿಗೆ ಚೆನ್ನಾಗಿ ಗೊತ್ತಿತ್ತು. ಹಾಗೆಂದು ಅವರೇ ಹೇಳುತ್ತಿದ್ದರು.

ಮದುವೆ ನಡೆದದ್ದು ಅಂಕೋಲೆಯಲ್ಲಿ, ಬಾಳೆಗುಳಿಯ ಹತ್ತಿರದ ಒಂದು ಸಭಾಭವನದಲ್ಲಿ, ಬೇಸಿಗೆಯ ಕೊನೆಗೆ. ನಾದಿನಿಯನ್ನು ಕೊಟ್ಟದ್ದು ಹಾರವಾಡಕ್ಕೆ. ಅವಳ ಗಂಡನಿಗೆ ಸ್ವಂತ ದೋಣಿ, ಮೀನಿನದೇ ವ್ಯಾಪಾರ. ನಾವು ಕಾರವಾರದ ಕೋಡಿಬಾಗದಲ್ಲಿ ಇರುವವರು. ನಮ್ಮವರಿಗೆ ಸರಕಾರಿ ಕಚೇರಿಯಲ್ಲಿ ಕೆಲಸ. ಅತ್ತೆ ನಮ್ಮ ಸಂಗಡವೇ. ಮದುವೆಗೆ ಇನ್ನೇನು ವಾರವಿದೆ ಎನ್ನುವಾಗ ಅತ್ತೆ ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರು. ಮೊಮ್ಮಗಳ ಮದುವೆಗೆಂದು ಎರಡು ವರ್ಷದಿಂದ ಕಪಾಟಿನಲ್ಲಿ ಕಾದಿದ್ದ ಸೀರೆ ಕಪಾಟಿನಲ್ಲೇ ಉಳಿಯಿತು. ಪಕ್ಕದ ಮನೆಯಾಕೆಯನ್ನು ಅವರ ಹತ್ತಿರ ಕೂರಿಸಿ ನಾವು ಹೋದೆವು.

ನಮ್ಮಲ್ಲಿ ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವನ ಕೆಲಸ. ಇಡೀ ಮದುವೆಯಲ್ಲಿ ಅವನಿಗೆ ಇರುವುದು ಅದೊಂದೇ. ಉಳಿದ ಹೊತ್ತು ಅವನು ಹೊಸ ಅಂಗಿ ಹಾಕಿಕೊಂಡು, ಅಡುಗೆಯವರ ಹತ್ತಿರ ಹೋಗಿ ಸಾರಿಗೆ ಉಪ್ಪು ಸಾಲದು ಎಂದು ಹೇಳಿ ಬರಬಹುದು. ನಾದಿನಿಯ ಹೇಳಿಕೆ ಏನೆಂದರೆ, ಭಟ್ಟರು ಸೋದರಮಾವ ಎಲ್ಲಿ ಎಂದು ಕೂಗಿದರು, ಕೂಗಿದರು, ಆಸಾಮಿ ಸಿಗಲಿಲ್ಲ; ಕೊನೆಗೆ ಅವಳ ಗಂಡನ ಕಡೆಯ ಒಬ್ಬ ದಾಯಾದಿ ಹುಡುಗಿಯನ್ನು ಕೈಹಿಡಿದು ಕರೆತಂದ. ನಮ್ಮವರ ಹೇಳಿಕೆ ಏನೆಂದರೆ, ಹುಡುಗಿಯ ಇನ್ನೊಂದು ಕೈ ತಾವು ಹಿಡಿದಿದ್ದರು. ತಂಗಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಅಳುತ್ತಿದ್ದಳು, ಅವಳಿಗೆ ಯಾರು ತಾನೇ ಕಂಡಾರು? ಮದುವೆ ಹೆಣ್ಣಿಗೆ ಎರಡು ಕೈ ಇರುವುದು ಇಂಥ ಹೊತ್ತಿಗೆ ಉಪಯೋಗಕ್ಕೆ ಬರುತ್ತದೆ. ಹುಡುಗಿಯನ್ನು ಕೇಳಿದರೆ ಅವಳು ತಲೆ ತಗ್ಗಿಸಿಕೊಂಡಿದ್ದಳಂತೆ, ಹಣೆಗೆ ಕಟ್ಟಿದ ದಂಡೆಯ ಹೂವು ಕಣ್ಣಿಗೆ ಬರುತ್ತಿತ್ತಂತೆ, ಯಾರ್ಯಾರೋ ಹಿಡಿದು ನಡೆಸಿದರಂತೆ. ಇಷ್ಟು ಹೇಳಿ ಅವಳು ಗಂಡನ ಜೊತೆ ಮುಂಬಯಿಗೆ ಹೋದಳು. ನನ್ನ ಸಾಕ್ಷಿ ಯಾರಿಗೂ ಬೇಕಿರಲಿಲ್ಲ. ನಾನು ಆಗ ಹೊರಬಾಗಿಲಲ್ಲಿ ನಿಂತು ಬಂದವರ ಮೇಲೆ ಪನ್ನೀರು ಚಿಮುಕಿಸುತ್ತಿದ್ದೆ.

ಕೈತೊಳೆಯುವ ನಲ್ಲಿಗಳ ಹತ್ತಿರ ಅಣ್ಣ ತಂಗಿಗೆ ಮಾತಿಗೆ ಮಾತು ಬೆಳೆಯಿತು. ಇಬ್ಬರೂ ಕೊನೆಗೆ ಒಂದೇ ಮಾತಿಗೆ ಬಂದು ನಿಂತರು: ಡಿವಿಡಿ ಬರಲಿ, ಗೊತ್ತಾಗುತ್ತದೆ. ಇಬ್ಬರಿಗೂ ಒಪ್ಪಿಗೆಯಾದದ್ದು ಆ ದಿನ ಅದೊಂದೇ.

ಅಲ್ಲಿಂದ ನಾದಿನಿ ನಮ್ಮ ಮನೆಗೆ ಬರುವುದನ್ನು ಬಿಟ್ಟಳು. ಮೊದಲೆಲ್ಲ ವಾರಕ್ಕೊಮ್ಮೆಯಾದರೂ ಬಸ್ಸಿಗೆ ಬಂದು, ಚೀಲದಿಂದ ಮೀನು ತೆಗೆದು ಅಡುಗೆಮನೆಯಲ್ಲಿಟ್ಟು, ತಾಯಿಯ ಕಾಲ ಬಳಿ ಕೂತು ಹಾರವಾಡದ ಸುದ್ದಿಯನ್ನೆಲ್ಲ ಸುರಿದು ಹೋಗುವವಳು. ಈಗ ಫೋನು ಮಾತ್ರ. ಅದೂ ಕಾಲು ಹೇಗಿದೆ, ಗುಳಿಗೆ ತಗೊಂಡೆಯಾ, ಇಡಲಾ, ಅಷ್ಟೇ. ಪ್ಲಾಸ್ಟರ್ ಬಿಚ್ಚಿದ ಮೇಲೂ ಅತ್ತೆಗೆ ಬಸ್ಸು ಹತ್ತುವ ಶಕ್ತಿ ಬರಲಿಲ್ಲ. ಗೇಟಿನ ಸದ್ದಾದರೆ ಸಾಕು, ಕುರ್ಚಿಯಲ್ಲಿ ಕೂತಲ್ಲೇ ಕುತ್ತಿಗೆ ಉದ್ದ ಮಾಡುತ್ತಿದ್ದರು. ಬಂದದ್ದು ಹಾಲಿನವನೋ ಕರೆಂಟ್ ಬಿಲ್ಲಿನವನೋ ಆಗಿರುತ್ತಿತ್ತು. ಗೆಲ್ಲುವುದು ಯಾರು ಎಂಬುದು ಅಣ್ಣ ತಂಗಿಯರ ಚಿಂತೆ. ಅತ್ತೆಗೆ ಮಗಳು ಮನೆಗೆ ಬಂದರೆ ಆಯಿತು.

ಇದರ ನಡುವೆ ಇನ್ನೊಂದು ಬಾಕಿ ಉಳಿದಿತ್ತು. ಮದುವೆ ಕಳೆದ ಮೇಲೆ ಹೆಣ್ಣಿನ ತಾಯಿ ಸೋದರಮಾವನ ಮನೆಗೆ ಒಂದು ಇಡೀ ಮೀನು ತಂದುಕೊಡುವುದು ನಮ್ಮ ಮನೆತನದ ರೂಢಿ. ತುಂಡು ಮಾಡಿ ತರುವಂತಿಲ್ಲ. ತುಂಡು ಎಂದರೆ ಯಾರೋ ತಿಂದು ಉಳಿದದ್ದು ಎಂದು ಅರ್ಥವಂತೆ. ಮಾವನ ಕೆಲಸ ಮಾಡದವನಿಗೆ ಮಾವನ ಮೀನು ಎಲ್ಲಿಯದು ಎಂದು ನಾದಿನಿ ಅಲ್ಲಿ ಇಲ್ಲಿ ಹೇಳಿದ್ದು ನಮ್ಮ ಕಿವಿಗೂ ಬಿತ್ತು. ನಮ್ಮವರು, ಮೀನಿಗೇನು ಕಾರವಾರದಲ್ಲಿ ಬರಗಾಲವೇ ಎಂದರು. ಅಂದು ಪೇಟೆಗೆ ಹೋಗಿ ಬಂಗಡೆ ತಂದರು. ಅದೂ ಐಸಿನ ಬಂಗಡೆ.

ಡಿವಿಡಿ ಮಳೆಗಾಲದ ನಡುವೆ ಬಂತು. ಅಂಕೋಲೆಯ ಸ್ಟುಡಿಯೋದವನು ಎರಡು ಪ್ರತಿ ಮಾಡಿ, ಒಂದನ್ನು ಮುಂಬಯಿಗೆ ಗಂಡಿನ ಕಡೆಗೂ ಒಂದನ್ನು ಹಾರವಾಡಕ್ಕೂ ಕೊಟ್ಟ. ಇನ್ನೇನು ತೀರ್ಪು ಬಂತು ಎನ್ನಬೇಕು. ಆದರೆ ನಾದಿನಿಯ ಮನೆಯಲ್ಲಿ ಡಿವಿಡಿ ಹಾಕುವ ಯಂತ್ರ ಇರಲಿಲ್ಲ. ತರಬೇಕು, ಇವತ್ತು, ನಾಳೆ ಎಂದು ಅದು ಕಿಟಕಿಯಲ್ಲೇ ಕೂತಿತು. ಮಳೆ ಕಡಿಮೆಯಾಗಿ ಅಂಗಳದಲ್ಲಿ ಮೀನು ಒಣಗಿಸಲು ಶುರುವಾದಾಗ ಅವಳ ಗಂಡನ ಕಣ್ಣಿಗೆ ಆ ಹೊಳೆಯುವ ತಟ್ಟೆ ಬಿತ್ತು. ಕರಾವಳಿಯಲ್ಲಿ ಹಳೆಯ ಸಿಡಿಗಳ ಗತಿ ಎಲ್ಲರಿಗೂ ಗೊತ್ತು: ದಾರ ಪೋಣಿಸಿ ಒಣಮೀನಿನ ಮೇಲೆ ತೂಗುಬಿಟ್ಟರೆ ಬಿಸಿಲಿಗೆ ಫಳಕ್ಕೆನ್ನುತ್ತದೆ, ಕಾಗೆ ಹತ್ತಿರ ಬರುವುದಿಲ್ಲ. ಮಗಳ ಮದುವೆಯನ್ನು ಅಪ್ಪನೇ ನೂಲಿಗೆ ಕಟ್ಟಿ ತೂಗುಬಿಟ್ಟ. ನಾದಿನಿ ನೋಡುವ ಹೊತ್ತಿಗೆ ಉಪ್ಪುಗಾಳಿ, ಬಿಸಿಲು, ಮರಳು ಎಲ್ಲ ಸೇರಿ ಅದನ್ನು ತಿಂದು ಮುಗಿಸಿದ್ದವು. ಕಾಗೆಗಳಂತೂ ಬರಲಿಲ್ಲವಂತೆ. ಅಷ್ಟು ಮಾತ್ರ ಆ ಡಿವಿಡಿಯಿಂದ ಆದ ಉಪಕಾರ.

ಈ ಸುದ್ದಿ ಕೇಳಿ ನಮ್ಮವರು, ನನ್ನ ಸಾಕ್ಷಿ ನಾಶ ಮಾಡಿದರು ಎಂದು ಮನೆಯಲ್ಲಿ ಭಾಷಣ ಮಾಡಿ, ತಾವೇ ಅಂಕೋಲೆಗೆ ಹೊರಟರು. ಸ್ಟುಡಿಯೋದವನ ಹತ್ತಿರ ಡಿವಿಡಿ ಬರೆಯುವ ಯಂತ್ರ ಕೆಟ್ಟು, ರಿಪೇರಿಗೆಂದು ಹುಬ್ಬಳ್ಳಿಗೆ ಹೋಗಿತ್ತು. ಆದರೆ ಡಿಸ್ಕಿನ ಇಮೇಜ್ ಕಂಪ್ಯೂಟರಿನಲ್ಲಿದೆ, ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆ ಎಂದ. ನಮ್ಮವರು ಸಿಟ್ಟಾಗಿ, ಡಿಸ್ಕಿನ ಫೋಟೋ ಇಟ್ಟುಕೊಂಡು ನಾನೇನು ಗೋಡೆಗೆ ತೂಗುಹಾಕಲಾ ಎಂದು ಕೇಳಿದರಂತೆ. ಅವನು ಪಾಪ ಸಮಾಧಾನದಿಂದ ತಿಳಿಸಿದ್ದಾನೆ: ಇಮೇಜ್ ಎಂದರೆ ಫೋಟೋ ಅಲ್ಲ, ಡಿಸ್ಕಿನಲ್ಲಿ ಇರುವುದೆಲ್ಲ ಇದ್ದ ಹಾಗೆಯೇ ಒಂದೇ ಫೈಲಿನಲ್ಲಿ ಅಚ್ಚೊತ್ತಿದ್ದು, ಅದರ ಬಾಲಕ್ಕೆ ಐ, ಎಸ್, ಓ ಎಂದು ಮೂರು ಅಕ್ಷರ ಇರುತ್ತದೆ. ಆಗ ಇವರಿಗೆ ಸಮಾಧಾನವಾಯಿತು. ಮನೆಗೆ ಬಂದು ನನಗೆ ಹೇಳಿದ್ದು: ಮಾಲು ಗಟ್ಟಿ ಇದೆ, ಅದಕ್ಕೆ ಸರ್ಟಿಫಿಕೇಟೂ ಇದೆ. ಇಸ್ತ್ರಿಪೆಟ್ಟಿಗೆ, ಕುಕ್ಕರುಗಳ ಮೇಲೆ ಒತ್ತುವ ಐಎಸ್‌ಐ ಮುದ್ರೆಯೇ ಇದು ಎಂದು ಅವರು ತಿಳಿದಿದ್ದರು. ನಾನೂ ಬಿಡಿಸಿ ಹೇಳಲು ಹೋಗಲಿಲ್ಲ. ಕಚೇರಿಯಲ್ಲಿ ಕಂಪ್ಯೂಟರಿಗೆ ಬಟ್ಟೆ ಹೊದಿಸಿಟ್ಟು, ಆಯುಧಪೂಜೆಗೆ ಕುಂಕುಮ ಹಚ್ಚಿ ನಮಸ್ಕಾರ ಮಾಡಿದವರು ಅವರು, ಅನುಭವದ ಮಾತು.

ಪೆನ್‌ಡ್ರೈವನ್ನು ಅವರು ತಂದದ್ದು ಗೋವೆಯ ಮಡಗಾಂವಿನಿಂದ. ಕಾರವಾರದಲ್ಲಿ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. ಆದರೆ ನಮ್ಮ ಊರಿನವರಿಗೆ ಕಾಳಿ ಸೇತುವೆ ದಾಟಿ ಸದಾಶಿವಗಡದ ಮೇಲಿನಿಂದ ಬಂದ ಸಾಮಾನು ಎಂದರೆ ಅದಕ್ಕೊಂದು ಕಳೆ. ಎಂಟು ಜಿಬಿಯದು. ಮದುವೆ ನಾಲ್ಕು ಚಿಲ್ಲರೆ ಜಿಬಿ. ಎಂಟರಲ್ಲಿ ನಾಲ್ಕು ಹೋದರೆ ಇನ್ನೂ ಒಂದು ನಾಮಕರಣಕ್ಕೆ ಜಾಗ ಉಳಿಯುತ್ತದೆ ಎಂದು ಲೆಕ್ಕ ಹೇಳಿ ಅವರು ಮತ್ತೆ ಅಂಕೋಲೆಗೆ ಹೋದರು. ಸ್ಟುಡಿಯೋದ ಕಂಪ್ಯೂಟರ್ ಫೈಲನ್ನು ಅದಕ್ಕೆ ಹಾಕಲು ಹೋಗಿ, ಜಾಗ ಇಲ್ಲ ಎಂದಿತು. ಖಾಲಿ ಪೆನ್‌ಡ್ರೈವ್, ಒಳಗೆ ನೊಣವೂ ಇಲ್ಲ, ಆದರೂ ಜಾಗ ಇಲ್ಲ. ನಮ್ಮ ಅಂಗಡಿಯವರು ತೂಕದಲ್ಲಿ ಹೊಡೆಯುತ್ತಾರೆ, ಗೋವೆಯವರು ಜಿಬಿಯಲ್ಲಿ ಹೊಡೆಯುತ್ತಾರೆ ಎಂದು ಇವರು ತೀರ್ಮಾನಿಸಿದರು. ಮಡಗಾಂವಿಗೆ ಹೋಗಿ ಜಗಳವಾಡಿ, ಇನ್ನೊಂದು ತಂದರು. ಈ ಸಲ ಹದಿನಾರು ಜಿಬಿ. ಹಳೆಯದನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳದ್ದರಿಂದ ಅದೂ ಮನೆಗೆ ಬಂತು. ಹದಿನಾರೂ ಅಂಕೋಲೆಯಲ್ಲಿ ಅದೇ ಮಾತು ಹೇಳಿತು.

ವಾಪಸು ಬಂದು ಅವರು ಬೇಸರದಿಂದ ಕೂರುತ್ತಾರೆ ಎಂದುಕೊಂಡೆ. ಇಲ್ಲ. ಚಹಾ ಇನ್ನೊಂದು ಲೋಟ ಕೇಳಿದರು. ಹಿಡಿಸುವುದಿಲ್ಲ ಎಂದರೆ ಯಾರು ತಾನೇ ಏನು ಮಾಡಿಯಾರು ಎಂದರು. ಗಂಡಸರಿಗೆ ಯಂತ್ರ ಸೋತರೆ ಇಷ್ಟೊಂದು ನೆಮ್ಮದಿ ಯಾಕೆ ಎಂದು ನನಗೆ ಆಗ ಅರ್ಥವಾಗಲಿಲ್ಲ.

ಮೂರನೆಯ ಸಲ ಸ್ಟುಡಿಯೋದವನು ತಲೆ ಓಡಿಸಿ, ಒಂದು ಸಾಫ್ಟ್‌ವೇರ್ ಹಾಕಿ, ಫೈಲನ್ನು ಮೂರು ತುಂಡು ಮಾಡಿದ. ತುಂಡುಗಳು ಪೆನ್‌ಡ್ರೈವಿನಲ್ಲಿ ಸಲೀಸಾಗಿ ಕೂತವು. ಮನೆಯಲ್ಲಿ ಕಂಪ್ಯೂಟರಿಗೆ ಹಾಕಿ ಜೋಡಿಸಿಕೊಳ್ಳಿ, ಆಮೇಲೆ ನೋಡಬಹುದು ಎಂದು ಹೇಳಿ ಕಳಿಸಿದ. ಮನೆಯ ಕಂಪ್ಯೂಟರ್ ಎಂದರೆ ನನ್ನದು. ಮಗಳ ಓದಿಗೆಂದು ತಂದದ್ದು. ಅವಳು ಓದೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಅದನ್ನು ಬಳಸಿ ಧಾರವಾಡದ ಹಾಸ್ಟೆಲ್ಲಿಗೆ ಹೋದ ಮೇಲೆ, ಧೂಳು ಹೊಡೆಯುವವಳು ನಾನೇ ಆದ್ದರಿಂದ ಒಡೆತನವೂ ನನಗೆ ಬಂತು. ಮಧ್ಯಾಹ್ನ ಹೋಗಿ ಹೆಂಗಸರ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತೂ ಬಂದಿದ್ದೆ. ಕ್ಲಾಸು ಮುಗಿದ ದಿನ ಕೊಟ್ಟ ಸರ್ಟಿಫಿಕೇಟನ್ನು ನಮ್ಮವರು ತಿರುಗಿಸಿ ಮುರುಗಿಸಿ ನೋಡಿ, ಸ್ಪೆಲ್ಲಿಂಗ್ ಸರಿ ಇದೆ ಎಂದು ಮೆಚ್ಚಿದ್ದರು.

ಮೂರು ತುಂಡನ್ನು ಜೋಡಿಸಲು ಕೊಟ್ಟು ಅಡುಗೆಮನೆಗೆ ಹೋದೆ. ಪರದೆಯ ಮೇಲಿನ ಪಟ್ಟಿ ನಿಧಾನವಾಗಿ ತುಂಬುತ್ತ ತುಂಬುತ್ತ ಬಂದು, ಕೊನೆಯ ಒಂದು ಗೆಣ್ಣಿನಷ್ಟು ಬಾಕಿ ಇರುವಾಗ ನಿಂತಿತು. ಜಾಗ ಇಲ್ಲ. ನಮ್ಮ ಕಂಪ್ಯೂಟರಿನಲ್ಲಿ ಬೇಕಾದಷ್ಟು ಜಾಗ ಇತ್ತು. ನಾನೇ ಗುಡಿಸಿ ಇಟ್ಟದ್ದು. ಕ್ಲಾಸಿನ ಟೀಚರಿಗೆ ಫೋನ್ ಮಾಡಿದೆ. ಅವರು ನಗುತ್ತ ಹೇಳಿದ್ದು ಇಷ್ಟು: ಪೆನ್‌ಡ್ರೈವಿಗೂ ನಿಮ್ಮ ಹಳೇ ಕಂಪ್ಯೂಟರಿಗೂ ಒಳಗಿನ ವ್ಯವಸ್ಥೆ ಹಳೆಯ ಮಾದರಿಯದು. ಆ ಮಾದರಿಯಲ್ಲಿ ಒಂದು ಫೈಲು ನಾಲ್ಕು ಜಿಬಿ ಮೀರುವಂತಿಲ್ಲ. ಒಳಗೆ ನಾನೂರು ಜಿಬಿ ಜಾಗ ಇರಲಿ, ಒಂದೊಂದು ಫೈಲಿಗೆ ನಾಲ್ಕೇ. ಅಂದರೆ ದೊಡ್ಡ ಹಂಡೆ, ಸಣ್ಣ ಬಾಯಿ. ಇಷ್ಟು ದಿನ ಅದು ಜಾಗ ಇಲ್ಲ ಎಂದದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಇಂಥ ಮಾತಿಗೆ ನಮ್ಮ ಮನೆಯಲ್ಲಿ ಬರಗಾಲವಿರಲಿಲ್ಲ, ಆದ್ದರಿಂದ ನನಗೆ ಬೇಗ ತಿಳಿಯಿತು.

ಟೀಚರು ಎರಡು ದಾರಿ ಹೇಳಿದರು. ಒಂದು, ಸ್ಟುಡಿಯೋದವನು ಪೆನ್‌ಡ್ರೈವನ್ನು ಹೊಸ ಮಾದರಿಗೆ ಬದಲಿಸಿ ಫೈಲನ್ನು ತುಂಡು ಮಾಡದೆ ಇಡಿಯಾಗಿ ಕೊಡಲಿ. ಎರಡು, ಒಂದೇ ಸಾಲಿನ ಆಜ್ಞೆ ಕೊಟ್ಟು ನನ್ನ ಕಂಪ್ಯೂಟರನ್ನೇ ಹೊಸ ಮಾದರಿಗೆ ತಿರುಗಿಸುವುದು. ಒಳಗಿದ್ದದ್ದು ಹೋಗುವುದಿಲ್ಲ, ನೂರಕ್ಕೆ ತೊಂಬತ್ತೊಂಬತ್ತು. ಉಳಿದ ಆ ಒಂದರಲ್ಲಿ ಮಗಳ ಫೋಟೋಗಳೆಲ್ಲ ಇದ್ದವು. ನಾನು ಮೊದಲನೆಯ ದಾರಿ ಹಿಡಿದೆ.

ನಮ್ಮವರಿಗೆ ರಜೆ ಇರಲಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು, ಅದನ್ನು ಈಗಲೂ ಕೆಟ್ಟ ಉಪಾಯ ಎನ್ನಲಾರೆ. ಹಾರವಾಡದಿಂದ ಅಂಕೋಲೆ ಹತ್ತಿರ. ನಾದಿನಿಯೇ ಸ್ಟುಡಿಯೋಗೆ ಹೋಗಿ, ಅವನದೇ ಒಂದು ಪೆನ್‌ಡ್ರೈವಿಗೆ ಫೈಲು ಹಾಕಿಸಿಕೊಂಡು ಇಲ್ಲಿಗೆ ತರಲಿ. ಸಾಕ್ಷಿಯೂ ಬರುತ್ತದೆ, ಮಗಳೂ ಬರುತ್ತಾಳೆ. ಅವಳಿಗೆ ನಾನು ಹೇಳಿದರೆ ಅಣ್ಣನ ಕಡೆಯ ವಕೀಲಿ ಎಂದುಕೊಂಡಾಳು. ಆದ್ದರಿಂದ ಅತ್ತೆಯ ಕೈಗೆ ಫೋನು ಕೊಟ್ಟು, ಏನು ಹೇಳಬೇಕೆಂದು ಬಾಯಿಪಾಠ ಮಾಡಿಸಿದೆ. ಐಎಸ್‌ಓ ಎನ್ನುವುದು ಅವರ ಬಾಯಲ್ಲಿ ಇಸೋ ಆಯಿತು. ಆಗಲಿ, ಸ್ಟುಡಿಯೋದವನಿಗೆ ತಿಳಿಯುತ್ತದೆ ಎಂದು ಒಲೆಯ ಮೇಲಿನ ಹಾಲು ನೋಡಲು ಹೋದೆ. ಅಲ್ಲಿಂದ ನನಗೆ ಕೇಳಿದ್ದು ಅರ್ಧ.

"ಇಸೋ ಬೇಕಂತೆ ಇವ್ರಿಗೆ. ಹೌದು, ನಿನ್ ಅಣ್ಣಂಗೇ. ಇಡೀ ಬೇಕಂತೆ, ತುಂಡ್ ಮಾಡೂದ್ ಬ್ಯಾಡಂತೆ. ತುಂಡ್ ಮಾಡಿದ್ದು ಆಗೂದಿಲ್ಲಂತೆ. ನೀನೇ ತಕಂಡ್ ಬಾ."

ಪೆನ್‌ಡ್ರೈವ್ ಎನ್ನುವ ಶಬ್ದ ಆ ಮಾತಿನಲ್ಲಿ ಎಲ್ಲೂ ಬರಲಿಲ್ಲ ಎಂಬುದು ನನ್ನ ಲಕ್ಷ್ಯಕ್ಕೆ ಬಂದದ್ದು ಮರುದಿನ, ನಾದಿನಿ ಗೇಟು ತೆರೆದಾಗ.

ಅವಳ ಕೈಯಲ್ಲಿ ಒಂದು ಉದ್ದ ಚೀಲ ಇತ್ತು, ಚೀಲದ ಬಾಯಿಂದ ಬಾಲ ಹೊರಗಿತ್ತು. ಅವಳು ಒಳಗೆ ಬಂದು, ತಾಯಿಯ ಕಡೆಗೂ ನೋಡದೆ, ಸೀದಾ ಅಡುಗೆಮನೆಗೆ ನಡೆದು ಅದನ್ನು ಕಟ್ಟೆಯ ಮೇಲೆ ಧೊಪ್ಪೆಂದು ಇಟ್ಟಳು. ಬೆಳ್ಳಿಯ ಹಾಗೆ ಹೊಳೆಯುವ ಇಡೀ ಇಸೋಣ. ನಮ್ಮ ಕಟ್ಟೆಯ ಅಗಲ ಅದಕ್ಕೆ ಸಾಲಲಿಲ್ಲ, ತಲೆ ಸಿಂಕಿನಲ್ಲಿ ಕೂತಿತು.

"ತಕಾ ವೈನಿ," ಎಂದಳು. "ನಿನ್ ಗಂಡಂಗೆ ಮಾವನ್ ಮೀನು. ಕೇಳೂಕೆ ನಾಚ್ಗೆ ಇಲ್ದಿದ್ರೂ ಕೊಡೂಕೆ ನಂಗೆ ಮರ್ಯಾದೆ ಇದೆ. ಅಳ್ದು ನೋಡು, ಒಂದ್ ರೆಕ್ಕೆನೂ ತೆಗೀಲಿಲ್ಲ."

ನನಗೆ ಎರಡು ಉಸಿರು ಬೇಕಾಯಿತು. ಮೂರನೆಯದಕ್ಕೆ ಅರ್ಥವಾಯಿತು. ಇಸೋ, ಇಡೀ, ತುಂಡು ಮಾಡಬೇಡ, ನೀನೇ ತೆಗೆದುಕೊಂಡು ಬಾ. ಸೋದರಮಾವ ತನ್ನ ಹಕ್ಕಿನ ಮೀನು ಕೇಳುತ್ತಿದ್ದಾನೆ ಎಂದು ತಿಳಿಯಲು ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಹೇಳಬೇಕು? ನಾನು ಬಿಡಿಸಿ ಹೇಳಿದೆ. ಇಸೋ ಎಂದರೆ ಇಸೋಣ ಅಲ್ಲ, ಮದುವೆಯ ಡಿವಿಡಿಯ ಅಚ್ಚು ಎಂದೆ. ಅವಳು ನನ್ನ ಮುಖ ನೋಡಿ, ಆಮೇಲೆ ಮೀನಿನ ಮುಖ ನೋಡಿದಳು. ಒಳಗೆ ಹೋಗಿ ತಾಯಿಯನ್ನು, ನೀ ಹೇಳಿದ್ದು ಎಂತಾ ಎಂದು ಕೇಳಿದಳು. ಅತ್ತೆ ತಣ್ಣಗೆ, ಇವಳು ಏನು ಹೇಳಿದಳೋ ಅದನ್ನೇ ಹೇಳಿದೆ, ನಿಂತೇ ಇದ್ದೀಯಲ್ಲ, ಕೂತುಕೋ ಎಂದರು. ಅತ್ತೆಗೆ ಕಿವಿ ಮಂದ ಎಂದು ಊರೆಲ್ಲ ಹೇಳುತ್ತದೆ. ನಮ್ಮ ಮನೆಯಲ್ಲಿ ಪಿಸುಗುಟ್ಟಿದ್ದು ಯಾವುದೂ ಅವರಿಗೆ ಕೇಳದೆ ಉಳಿದದ್ದಿಲ್ಲ, ಅದು ಬೇರೆ ಮಾತು.

ಮೀನು ಬಂದ ಮೇಲೆ ಕಾಯುವುದಿಲ್ಲ. ನಾದಿನಿ ಸೀರೆ ಎತ್ತಿ ಕಟ್ಟಿ, ಈಳಿಗೆ ಎಳೆದುಕೊಂಡು ಕೂತಳು. ಅವಳು ಮೀನು ಕೊಯ್ಯುವುದು ನೋಡಬೇಕು. ಎಲ್ಲಿ ಮುಳ್ಳು ತಿರುಗುತ್ತದೆ ಎಂದು ಕೈಗೇ ಗೊತ್ತು. ನಾನು ಮಸಾಲೆ ಅರೆದಿಟ್ಟು ಕಂಪ್ಯೂಟರಿಗೆ ಹೋದೆ. ಹೇಗೂ ಇವಳು ಬಂದಾಗಿದೆ. ಈಗ ಹೋದರೆ ಮತ್ತೆ ಯಾವಾಗಲೋ. ಟೀಚರು ಬರೆಸಿದ್ದ ಎರಡನೆಯ ದಾರಿಯ ಆ ಒಂದು ಸಾಲನ್ನು, ದೇವರ ಮೇಲೆ ಭಾರ ಹಾಕಿ, ಒತ್ತಿದೆ. ಯಂತ್ರ ಒಂದಿಷ್ಟು ಹೊತ್ತು ಕಪ್ಪು ಪರದೆಯಲ್ಲಿ ಏನೇನೋ ಎಣಿಸಿಕೊಂಡು ಮತ್ತೆ ಎದ್ದಿತು. ಮಗಳ ಫೋಟೋಗಳು ಇದ್ದಲ್ಲೇ ಇದ್ದವು. ಮೂರು ತುಂಡನ್ನು ಜೋಡಿಸಲು ಕೊಟ್ಟೆ. ಅಡುಗೆಮನೆಯಲ್ಲಿ ಇಡಿಯಾದದ್ದನ್ನು ತುಂಡು ಮಾಡುತ್ತಿದ್ದರು, ಕೋಣೆಯಲ್ಲಿ ತುಂಡಾದದ್ದನ್ನು ಇಡಿ ಮಾಡುತ್ತಿದ್ದೆವು. ನೋಡಿದವರು ಈ ಮನೆಯವರಿಗೆ ಬುದ್ಧಿ ನೆಟ್ಟಗಿಲ್ಲ ಎನ್ನಬೇಕು. ಈ ಸಲ ಪಟ್ಟಿ ಕೊನೆಯವರೆಗೂ ತುಂಬಿತು.

ಆಮೇಲೆ ಟೀಚರು ಹೇಳಿದಂತೆ, ಇಲ್ಲದ ಡಿಸ್ಕನ್ನು ಇದೆ ಎಂದು ಕಂಪ್ಯೂಟರಿಗೆ ನಂಬಿಸುವ ಒಂದು ಸಾಫ್ಟ್‌ವೇರಿನಿಂದ ಆ ಫೈಲನ್ನು ತೆರೆದೆ. ಒಳಗೆ ನೋಡಿದರೆ ಮದುವೆ ಐದು ಫೈಲಾಗಿ ಕೂತಿದೆ, ಒಂದೊಂದೂ ಒಂದು ಜಿಬಿಯ ಒಳಗೇ. ಅಂದರೆ ಡಿವಿಡಿ ಮಾಡುವವರು ಅದನ್ನು ಮೊದಲೇ ತುಂಡು ಮಾಡಿಯೇ ಇಟ್ಟಿರುತ್ತಾರೆ. ಅದನ್ನು ಯಾರೋ ಇಡಿಯಾಗಿ ಒಂದು ಚೀಲಕ್ಕೆ ತುಂಬಿ, ಚೀಲ ಹಿಡಿಸಲಿಲ್ಲವೆಂದು ಇನ್ನು ಯಾರೋ ಚೀಲದ ಸಮೇತ ಕತ್ತರಿಸಿ, ಅದನ್ನು ನಾನು ಹೊಲಿದು, ಬಿಚ್ಚಿ ನೋಡಿ, ಅಯ್ಯೋ ಇದು ತುಂಡೇ ಇತ್ತಲ್ಲ ಎನ್ನುವುದು. ನಮ್ಮವರ ಕಚೇರಿಯಲ್ಲಿ ಇದಕ್ಕೆ ಆಡಳಿತ ಎನ್ನುತ್ತಾರೆ. ಐದನ್ನೂ ಪೆನ್‌ಡ್ರೈವಿಗೆ ಹಾಕಿದೆ. ಎಂಟು ಜಿಬಿಯದಕ್ಕೇ. ಒಂದು ಮಾತೂ ಆಡದೆ ನುಂಗಿತು. ಟಿವಿಯ ಕೆಳಗಿನ ನಮ್ಮ ಡಿವಿಡಿ ಪ್ಲೇಯರಿಗೆ ತಟ್ಟೆ ಓದುವ ಕಣ್ಣು ಎಂದೋ ಹೋಗಿತ್ತು, ಆದರೆ ಪೆನ್‌ಡ್ರೈವ್ ಚುಚ್ಚುವ ಕಿಂಡಿ ಸರಿ ಇತ್ತು.

ಸಂಜೆ ನಮ್ಮವರು ಬಂದರು. ಹೊಸ್ತಿಲಲ್ಲೇ ಇಸೋಣ ಹುರಿಯುವ ವಾಸನೆ ಹಿಡಿದು ಮುಖ ಅರಳಿತು. ಒಳಗೆ ತಂಗಿಯನ್ನು ಕಂಡು ಅರ್ಧ ಮುಚ್ಚಿತು. ಟಿವಿಯ ಮುಂದೆ ಪೆನ್‌ಡ್ರೈವ್ ಮಿನುಗುವುದು ಕಂಡಾಗ ಉಳಿದರ್ಧವೂ ಮುಚ್ಚಿತು. ಹಿಡಿಸಿತಾ ಎಂದು ಕೇಳಿದರು. ಹಿಡಿಸಿತು ಎಂದೆ. ಮೇಲೆ ಕೆಳಗೆ ನೋಡಿ, ಕೈಕಾಲು ತೊಳೆದು ಬರುತ್ತೇನೆ ಎಂದು ಹೋದವರು ಒಂದು ಮದುವೆ ಮುಗಿಯುವಷ್ಟು ಹೊತ್ತು ಕಾಲು ತೊಳೆದರು.

ಊಟ ಮಾಡಿ ಕೂತೆವು. ಅಣ್ಣ ತಂಗಿ ಇನ್ನೂ ನೇರ ಮಾತಾಡುತ್ತಿರಲಿಲ್ಲ. ಮೊದಲ ತುಂಡಿನಲ್ಲಿ ಗಣಪತಿ ಬಂದ, ಸೂರ್ಯ ಹುಟ್ಟಿದ, ಯಾವುದೋ ಹಿಮದ ಬೆಟ್ಟದ ಮೇಲೆ ನಮ್ಮ ಹುಡುಗಿ ಗಂಡನ ಜೊತೆ ಗಿರಗಿರ ತಿರುಗಿದಳು. ಹಾರವಾಡದ ಕಡೆಯವರು ಅಷ್ಟು ಚಳಿಗೆ ಸ್ವೆಟರ್ ಇಲ್ಲದೆ ಹೋದದ್ದು ಅದೇ ಮೊದಲು. ಎರಡನೆಯದರಲ್ಲಿ ಅರಿಶಿನ, ನೆಂಟರು, ಊಟದ ತಯಾರಿ. ಅತ್ತೆ ಒಬ್ಬೊಬ್ಬರನ್ನೂ ಗುರುತಿಸಿ ಯಾರು ದಪ್ಪ ಆಗಿದ್ದಾರೆ ಎಂದು ಹೇಳಿದರು. ಮೂರನೆಯದು ಎಂದರೆ ಹೆಣ್ಣು ಬರುವ ಹೊತ್ತು. ರಿಮೋಟಿನಲ್ಲಿ ನಾನು ಅದನ್ನು ಒತ್ತಬೇಕು, ಆಗ ಅತ್ತೆ ಕೈ ಅಡ್ಡ ಹಿಡಿದರು.

"ಅದ್ ಹಾಕೂದ್ ಬ್ಯಾಡ."

ನಾದಿನಿ, ಎಂತಕೆ ಎಂದಳು. ಅತ್ತೆ ಮಗನ ಕಡೆ ನೋಡಲಿಲ್ಲ. ಮಗಳನ್ನೇ ನೋಡಿ ಹೇಳಿದರು.

"ಅಂವ ಅಲ್ಲಿರ್ಲಿಲ್ಲ. ನನ್ ಸಂಗ್ತಿಗೆ ಫೋನಲ್ಲಿದ್ದ. ಪಕ್ಕದ್ಮನೆಯವ್ಳ ಕೈಲಿ ನಾನೇ ಹಚ್ಚಿಸ್ದೆ. ಮಂಟಪಕ್ ಬರೂ ಹೊತ್ತಿನ ವಾಲಗ ಒಂದ್ ಕೇಳ್ಸು ಮಾರಾಯಾ, ಬರೂಕಂತೂ ಆಗ್ಲಿಲ್ಲ ಅಂದೆ. ಅಂವ ಫೋನ್ ಹಿಡ್ಕಂಡ್ ವಾಲಗದವ್ರ ಹತ್ರ ಹೋಗ್ ನಿಂತ. ಇಡ್ತೆ ಆಯಿ, ಇಡ್ತೆ ಅಂದ. ನಾನೇ ಇಡೂಕೆ ಕೊಡ್ಲಿಲ್ಲ."

ಟಿವಿಯಲ್ಲಿ ಒಂದು ನೀಲಿ ಪರದೆ ಸುಮ್ಮನೆ ಕಾಯುತ್ತಿತ್ತು. ನಾದಿನಿ ಅಣ್ಣನ ಕಡೆ ತಿರುಗಿ, ಮದುವೆಯಾದ ಮೇಲೆ ಮೊದಲನೆಯ ಸಲ, ನೇರವಾಗಿ ಕೇಳಿದಳು: ಹಾಗಾದರೆ ಇನ್ನೊಂದು ಕೈ, ಮತ್ತೊಂದು ಕೈ ಎಂದು ಸುಳ್ಳು ಹೇಳಿದ್ದು ಎಂತಕೆ?

"ಹೇಳಿದ್ರೆ ನೀ ಆಯಿ ಸಂಗ್ತಿಗೂ ಮಾತ್ ಬಿಡ್ತಿದ್ದೆ," ಎಂದರು ನಮ್ಮವರು. "ನನ್ ಸಂಗ್ತಿಗೆ ಬಿಟ್ರೆ ಅಡ್ಡಿಲ್ಲ."

ನನ್ನ ಗಂಡನ ವಿಷಯದಲ್ಲಿ ಒಂದು ಒಳ್ಳೆಯ ಮಾತು ಬರೆಯಬೇಕಾದ ಪ್ರಸಂಗ ಬಂತಲ್ಲ ಎಂದು ನನಗೆ ಈಗಲೂ ಸ್ವಲ್ಪ ಮುಜುಗರ. ಜಾಗ ಇಲ್ಲ ಎಂದು ಪೆನ್‌ಡ್ರೈವ್ ಹೇಳಿದಾಗಲೆಲ್ಲ ಅವರು ಯಾಕೆ ಚಹಾ ಕೇಳುತ್ತಿದ್ದರು ಎಂದು ಆಗ ತಿಳಿಯಿತು. ಪಾಪ, ಡಿವಿಡಿ ಬರಲಿ ಎಂದು ಗದರಿದವರಿಗೆ ಅದು ಬರದಂತೆ ನೋಡಿಕೊಳ್ಳುವ ಕೆಲಸವೂ ಬಂದಿತ್ತು. ಮಡಗಾಂವಿಗೆ ಎರಡು ಸಲ ಹೋಗಿ ಬಂದದ್ದು ಸುಮ್ಮನೆಯೇನಲ್ಲ.

ನಾದಿನಿಯ ಸಿಟ್ಟು ಈಗ ಎಲ್ಲಿ ಹೋಗಿ ಕೂರಬೇಕೆಂದು ತಿಳಿಯದೆ ಅಲೆಯುತ್ತಿತ್ತು. ಅವಳು ತಾಯಿಗೆ, ಮೊದಲೇ ಹೇಳಿದ್ದರೆ ಏನಾಗುತ್ತಿತ್ತು ಎಂದಳು. ದನಿ ಸಣ್ಣದಾಗಿತ್ತು.

"ಫೋನಲ್ಲಿ ಹೇಳೂ ಮಾತಾ ಅದು?" ಎಂದರು ಅತ್ತೆ. "ನೀ ಬರ್ತಿ, ಬಂದಾಗ ಹೇಳ್ವಾ ಅಂದ್ಕಂಡಿದ್ದೆ. ನೀ ಬರ್ಲೇ ಇಲ್ಲ."

ನಾದಿನಿ ನನ್ನ ಕೈಯಿಂದ ರಿಮೋಟು ತೆಗೆದುಕೊಂಡು, ಅದೇ ಮೂರನೆಯ ತುಂಡನ್ನು ತಾನೇ ಒತ್ತಿದಳು. ನೋಡಿಯೇ ಬಿಡುವ, ಇಷ್ಟು ಪೇಚಾಡಿ ತಂದದ್ದು ಎಂದಳು. ಹುಡುಗಿ ಬಂದಳು. ಒಂದು ಕೈ ದಾಯಾದಿಯದು, ಇನ್ನೊಂದು ಕೈಯಲ್ಲಿ ತೆಂಗಿನಕಾಯಿ. ಮೇಲಿಂದ ಸ್ಟುಡಿಯೋದವನ ಗುಲಾಬಿ ಪಕಳೆಗಳು ಬೀಳುತ್ತಿದ್ದವು, ಒಂದೊಂದು ಹಪ್ಪಳದಷ್ಟು ದೊಡ್ಡವು. ಮೂಲೆಯ ಕಂಬದ ಹತ್ತಿರ ನಮ್ಮವರು ನಿಂತಿದ್ದರು. ಹೊಸ ಅಂಗಿ, ಬಲಗೈ ಎತ್ತರಕ್ಕೆ ಚಾಚಿ, ಆರತಿ ಎತ್ತಿದ ಹಾಗೆ ವಾಲಗದವನ ಮುಖದ ಮುಂದೆ ಮೊಬೈಲು ಹಿಡಿದಿದ್ದಾರೆ. ವಾಲಗದವನು ಕೆನ್ನೆ ಉಬ್ಬಿಸಿ, ಕಣ್ಣು ಕೆಕ್ಕರಿಸಿ, ಈ ಮನುಷ್ಯ ಯಾರಪ್ಪ ಎಂದು ನೋಡುತ್ತ ಊದುತ್ತಿದ್ದಾನೆ. ಹಿಂದೆ ಭಟ್ಟರು ಕೈ ಬೀಸಿ ಕರೆಯುತ್ತಿದ್ದಾರೆ. ಇವರು ಎಡಗೈಯಲ್ಲಿ, ತಡೆಯಿರಿ, ಒಂದೇ ನಿಮಿಷ ಎಂದು ಸನ್ನೆ ಮಾಡುತ್ತಿದ್ದಾರೆ.

ನಾದಿನಿ ಸೆರಗು ಬಾಯಿಗೆ ಒತ್ತಿದಳು. ಅಳುವೋ ನಗುವೋ ನನಗೆ ಮೊದಲು ಗೊತ್ತಾಗಲಿಲ್ಲ. ಹೆಗಲು ಕುಲುಕುವುದು ಎರಡಕ್ಕೂ ಒಂದೇ. ನಮ್ಮವರು, ಅಂಗಿ ಚೆನ್ನಾಗಿ ಬಂದಿದೆ ಎಂದರು.

ಅತ್ತೆ ಮಾತ್ರ ಮುಂದಕ್ಕೆ ಬಾಗಿ ಕಿವಿಗೊಟ್ಟು ಕೂತಿದ್ದರು. ಅವರಿಗೆ ಬೇಕಾದದ್ದು ಬರಲಿಲ್ಲ. ಸ್ಟುಡಿಯೋದವನು ಮದುವೆಯ ಸದ್ದನ್ನೆಲ್ಲ ಒರೆಸಿ ಹಾಕಿ, ಮೇಲಿಂದ ಯಾವುದೋ ಸಿನೆಮಾದ ಹಾಡು ಸುರಿದಿದ್ದ. ವಾಲಗದವನ ಕೆನ್ನೆ ಉಬ್ಬುತ್ತದೆ, ಬೆರಳು ಓಡುತ್ತದೆ, ಹೊರಗೆ ಬರುವುದು ಯಾರೋ ಗಾಯಕಿಯ ದನಿ. ನಾಲ್ಕು ಚಿಲ್ಲರೆ ಜಿಬಿಯಲ್ಲಿ ಅದೊಂದಕ್ಕೆ ಜಾಗ ಇರಲಿಲ್ಲ.

"ಇದಲ್ಲ ಅಂವ ಊದಿದ್ದು," ಎಂದರು ಅತ್ತೆ. "ನಂಗೆ ಫೋನಲ್ಲಿ ಚೊಲೋ ಕೇಳಿತ್ತು."

"ಹ್ಯಾಂಗಿತ್ತೆ ಆಯಿ?" ಎಂದಳು ನಾದಿನಿ.

ಅತ್ತೆ ಗಂಟಲು ಸರಿಮಾಡಿಕೊಂಡು, ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತ, ಪೀಪೀ ಎಂದು ಶುರುಮಾಡಿದರು. ನಾದಿನಿ ಕುರ್ಚಿ ಬಿಟ್ಟು ಕೆಳಗೆ ಅವರ ಕಾಲ ಬಳಿ ಬಂದು ಕೂತು, ರಿಮೋಟನ್ನು ಟಿವಿಯ ಕಡೆ ಹಿಡಿದು, ಅದರ ದನಿಯನ್ನು ಪೂರ್ತಿ ಇಳಿಸಿದಳು.